ಬೆಂಗಳೂರಿನ ಗಾಳಿಗೆ 76 ಸೆಂಟಿಮೀಟರ್ ಕೊಟ್ಟವರು ಯಾರು?

ಮೊದಲೇ ಹೇಳಿಬಿಡ್ತೀನಿ: ನಮ್ಮ ಲ್ಯಾಬ್ ರೆಕಾರ್ಡುಗಳಲ್ಲಿ ಬಾಯ್ಲನ ನಿಯಮ ಪಾಲನೆಯಾಗಿರುವಷ್ಟು ಅಚ್ಚುಕಟ್ಟಾಗಿ ಸ್ವತಃ ಬಾಯ್ಲನ ಪುಸ್ತಕದಲ್ಲೂ ಆಗಿಲ್ಲ. ಯಾರದ್ದಾದರೂ ಹಳೇ ರೆಕಾರ್ಡ್ ತೆಗೆದು ನೋಡಿ. ಎಡಗಡೆ ಒತ್ತಡ, ಪಕ್ಕದಲ್ಲಿ ಗಾತ್ರ, ಕೊನೇ ಕಾಲಂನಲ್ಲಿ ಎರಡರ ಗುಣಲಬ್ಧ. ಆ ಕೊನೇ ಕಾಲಂ ನೋಡಿದರೆ ಕಣ್ಣಿಗೆ ಹಬ್ಬ. 1520, 1521, 1519, 1520. ಎನ್‌ಸಿಸಿ ಪರೇಡ್ ತರ ಸಾಲಾಗಿ ನಿಂತಿರುತ್ತವೆ. ಗ್ರಾಫ್ ಶೀಟಿನಲ್ಲಿ ಒಂದು ಚುಕ್ಕಿಯೂ ಗೆರೆ ಬಿಟ್ಟು ಆಚೆ ಈಚೆ ಜರುಗಿರಲ್ಲ.

ಮರೆತವರಿಗಾಗಿ ನಿಯಮ ಒಂದು ಸಾಲಿನಲ್ಲಿ: ಉಷ್ಣತೆ ಬದಲಾಗದಂತೆ ನೋಡಿಕೊಂಡರೆ, ಮುಚ್ಚಿಟ್ಟ ಅನಿಲದ ಒತ್ತಡ ಎರಡರಷ್ಟಾದಾಗ ಗಾತ್ರ ಅರ್ಧ ಆಗುತ್ತೆ, ಮೂರರಷ್ಟಾದಾಗ ಮೂರನೇ ಒಂದು ಭಾಗ. ಎರಡನ್ನೂ ಗುಣಿಸಿದರೆ ಬರೋ ಸಂಖ್ಯೆ ಯಾವಾಗಲೂ ಒಂದೇ. ವಿಲೋಮಾನುಪಾತ ಅಂತ ಕನ್ನಡ ಮೀಡಿಯಂನವರು ಬಾಯಿಪಾಠ ಮಾಡಿರ್ತೀರಿ. ಪಿಯುಸಿ ಲ್ಯಾಬಿನಲ್ಲಿ ಎಲ್ಲರೂ ಈ ಮನುಷ್ಯನ ಕೈಕುಲುಕಿ ಬಂದಿದ್ದೀವಿ. ಇಲ್ಲಿ ಬಂದಮೇಲೆ ಥರ್ಮಲ್ ಲ್ಯಾಬಿನ ಕಂಪ್ರೆಸರ್ ಪಕ್ಕದಲ್ಲಿ, ವೈವಾ ಟೇಬಲ್ ಮುಂದೆ ಮತ್ತೆ ಸಿಗ್ತಾನೆ.

ಪರೇಡ್ ಹೇಗೆ ನಡೆಯುತ್ತೆ ಅನ್ನೋದು ಗುಟ್ಟೇನಲ್ಲ. ಮೊದಲ ರೀಡಿಂಗ್ ನಿಜವಾಗಿ ತಗೋತಾರೆ. ಗುಣಿಸಿ ಸ್ಥಿರಾಂಕ ಕಂಡುಹಿಡೀತಾರೆ. ಆಮೇಲೆ ಕೊನೇ ಕಾಲಂ ಪೂರ್ತಿ ಅದನ್ನೇ ಅಲ್ಪಸ್ವಲ್ಪ ಕುಲುಕಿ ತುಂಬಿ, ಅಲ್ಲಿಂದ ಹಿಂದಕ್ಕೆ ಭಾಗಿಸಿಕೊಂಡು ಬರ್ತಾರೆ. ಹತ್ತು ರೀಡಿಂಗ್, ಹತ್ತು ನಿಮಿಷ. ‘ಮ್ಯಾನಿಪುಲೇಟ್ ಮಾಡ್ಬಿಡೋ’ ಅನ್ನೋ ಮಾತನ್ನ ನಮ್ಮ ಕ್ಯಾಂಪಸ್ಸಿನಲ್ಲಿ ಪಿಸುಗುಡಬೇಕಾದ ಅಗತ್ಯವೂ ಇಲ್ಲ. ಕ್ಯಾಂಟೀನಿನಲ್ಲಿ ಇನ್ನೊಂದು ಟೀ ಹೇಳಿದಷ್ಟೇ ಸಹಜವಾಗಿ ಹೇಳ್ತೀವಿ. ಇನ್ನು ಕೆಲವರಿಗೆ ಅಷ್ಟು ಕಷ್ಟವೂ ಬೇಡ, ಸೀನಿಯರ್ ರೆಕಾರ್ಡ್ ಇದೆಯಲ್ಲ. ಅದು ಅಜ್ಜಿಯ ಒಡವೆ ತರ ಬ್ಯಾಚಿನಿಂದ ಬ್ಯಾಚಿಗೆ ಇಳಿದು ಬರುತ್ತೆ.

‘ಇದರಲ್ಲಿ ಏನು ಮಹಾ ತಪ್ಪು? ನಿಯಮ ನಿಜ ತಾನೇ? ನಿಜವಾದದ್ದನ್ನೇ ಬರೆದಿದ್ದೀವಿ’ ಅಂತ ಕೇಳೋರಿದ್ದಾರೆ. ನೀತಿಪಾಠ ಹೇಳೋ ಉದ್ದೇಶ ನನಗಿಲ್ಲ. ನನ್ನ ತಕರಾರು ಬೇರೆ. ಆ ‘ತಪ್ಪು’ ರೀಡಿಂಗ್‌ಗಳು ಏನೋ ಹೇಳೋಕೆ ಬಂದಿದ್ದವು, ನಾವು ಕೇಳಿಸಿಕೊಳ್ಳದೆ ಅವುಗಳ ಬಾಯಿ ಮುಚ್ಚಿಸಿದ್ವಿ. ಏನು ಹೇಳ್ತಿದ್ದವು ಅನ್ನೋದನ್ನ ಒಂದು ಲೆಕ್ಕದ ಮೂಲಕ ತೋರಿಸ್ತೀನಿ. ಸ್ವಲ್ಪ ತಾಳ್ಮೆ ಇರಲಿ.

ಪಿಯುಸಿಯ ಉಪಕರಣ ನೆನಪಿದೆಯಾ? ಮರದ ಸ್ಟ್ಯಾಂಡು, ಒಂದು ಕಡೆ ಮೇಲ್ತುದಿ ಮುಚ್ಚಿದ ಗಾಜಿನ ಕೊಳವೆ, ಇನ್ನೊಂದು ಕಡೆ ತೆರೆದ ಕೊಳವೆ, ಮಧ್ಯೆ ರಬ್ಬರ್ ಟ್ಯೂಬು, ಒಳಗೆ ಪಾದರಸ. ತೆರೆದ ಕೊಳವೆಯನ್ನ ಮೇಲೆ ಕೆಳಗೆ ಮಾಡಿದರೆ ಎರಡೂ ಕಡೆಯ ಪಾದರಸದ ಮಟ್ಟದಲ್ಲಿ ವ್ಯತ್ಯಾಸ ಬರುತ್ತೆ. ಹೊರಗಿನ ವಾತಾವರಣದ ಒತ್ತಡಕ್ಕೆ ಈ ವ್ಯತ್ಯಾಸ ಕೂಡಿಸಿದರೆ ಅಥವಾ ಕಳೆದರೆ ಒಳಗಿನ ಗಾಳಿಯ ಒತ್ತಡ ಸಿಗುತ್ತೆ. ಅಂದ್ರೆ ಹೊರಗಿನ ಒತ್ತಡ ಎಷ್ಟು ಅಂತ ಮೊದಲು ಗೊತ್ತಿರಬೇಕು. ಅದಕ್ಕೇ ಲ್ಯಾಬಿನ ಗೋಡೆಗೆ ಬ್ಯಾರೋಮೀಟರ್ ನೇತುಹಾಕಿರೋದು. ಅದನ್ನ ನೋಡೋರು ಯಾರು? ಪುಸ್ತಕದಲ್ಲಿ 76 ಸೆಂಟಿಮೀಟರ್ ಅಂತ ಅಚ್ಚಾಗಿದೆಯಲ್ಲ, ಬರಕೊಂಡರೆ ಆಯ್ತು.

ಆದರೆ 76 ಅನ್ನೋದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಪಾದರಸ ನಿಲ್ಲೋದು ಸುಮಾರು 68.5 ಸೆಂಟಿಮೀಟರಿಗೆ. ಏಳೂವರೆ ಸೆಂಟಿಮೀಟರ್ ಕಮ್ಮಿ, ಅಂದ್ರೆ ಹತ್ತರಲ್ಲಿ ಒಂದು ಭಾಗ ಗಾಳಿಯ ಭಾರ ನಮ್ಮ ತಲೆ ಮೇಲೆ ಇಲ್ಲವೇ ಇಲ್ಲ. ಮೈಸೂರಿನವರಿಗೂ ಹೆಚ್ಚುಕಮ್ಮಿ ಇದೇ ಪಾಡು. ಮಂಗಳೂರು, ಕಾರವಾರದವರು ಮಾತ್ರ 76 ಅಂತ ಬರೆದು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಈಗ ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರಾಮಾಣಿಕ ಹುಡುಗಿಯೊಬ್ಬಳು ಪ್ರಯೋಗ ಮಾಡ್ತಾಳೆ. ಎರಡೂ ಕಡೆ ಪಾದರಸ ಸಮವಾಗಿದ್ದಾಗ ಒಳಗಿನ ಗಾಳಿಯ ಉದ್ದ 20 ಸೆಂಟಿಮೀಟರ್. ತೆರೆದ ಕಡೆ 20 ಸೆಂಟಿಮೀಟರ್ ಮೇಲಿದ್ದಾಗ ಗಾಳಿ 15.5ಕ್ಕೆ ಇಳಿಯುತ್ತೆ. 40 ಮೇಲಿದ್ದಾಗ 12.6. ಕೊಳವೆ ಕೆಳಗಿಳಿಸಿ, 20 ಕೆಳಗೆ ಹೋದಾಗ 28.2ಕ್ಕೆ ಹಿಗ್ಗುತ್ತೆ. ಇವಳು ಪುಸ್ತಕ ನಂಬಿ 76 ಹಾಕಿ ಗುಣಿಸ್ತಾಳೆ. ಒತ್ತಡ ಕಡಿಮೆ ಇರುವ ಕಡೆಯಿಂದ ಹೆಚ್ಚಿನ ಕಡೆಗೆ ಬರೋ ಉತ್ತರಗಳು: 1579, 1520, 1488, 1462.

ಎಂಟು ಪರ್ಸೆಂಟ್ ವ್ಯತ್ಯಾಸ. ಹುಡುಗಿಗೆ ಕೈ ನಡುಗುತ್ತೆ. ಪಕ್ಕದವನ ಕಾಲಂ ನೋಡಿದರೆ 1520, 1520, 1521. ಇವಳೂ ಅಳಿಸಿ 15.5 ಇದ್ದದ್ದನ್ನ 15.8 ಮಾಡ್ತಾಳೆ, 12.6 ಇದ್ದದ್ದನ್ನ 13.1 ಮಾಡ್ತಾಳೆ, 28.2 ಇದ್ದದ್ದು 27.1 ಆಗುತ್ತೆ. ರೆಕಾರ್ಡಿಗೆ ಸಹಿ ಬೀಳುತ್ತೆ.

ಅವಳ ಮೂಲ ಅಂಕಿಗಳನ್ನೇ ಇಟ್ಟುಕೊಂಡು 76ರ ಜಾಗಕ್ಕೆ 68.5 ಹಾಕಿ ನೋಡಿ: 1368, 1370, 1372, 1367. ಅವಳ ಕೈಯಲ್ಲಿ, ಕಣ್ಣಲ್ಲಿ, ಉಪಕರಣದಲ್ಲಿ ಯಾವ ದೋಷವೂ ಇರಲಿಲ್ಲ! ಕೆಟ್ಟಿದ್ದು ಪುಸ್ತಕದಿಂದ ಎತ್ತಿಕೊಂಡ ಒಂದೇ ಒಂದು ಅಂಕಿ. ಉತ್ತರಗಳು ಹಾಗೇ ಸುಮ್ಮನೆ ಚೆಲ್ಲಾಡಿರಲಿಲ್ಲ, ಒಂದೇ ದಿಕ್ಕಿಗೆ ಸಾಲಾಗಿ ಜಾರಿದ್ದವು. ಅದೇ ಸುಳಿವು.

ಇನ್ನೂ ಒಂದು ಮಜಾ ಇದೆ. ಗೋಡೆಯ ಬ್ಯಾರೋಮೀಟರ್ ಒಡೆದುಹೋಗಿದ್ದರೂ ಚಿಂತೆಯಿಲ್ಲ. ಪಾದರಸದ ಮಟ್ಟದ ವ್ಯತ್ಯಾಸವನ್ನ ಲಂಬ ಅಕ್ಷದ ಮೇಲೆ, ಒಂದು ಭಾಗಿಸು ಗಾತ್ರವನ್ನ ಅಡ್ಡ ಅಕ್ಷದ ಮೇಲೆ ಹಾಕಿ ಗೆರೆ ಎಳೆಯಿರಿ. ಗೆರೆಯನ್ನ ಹಿಂದಕ್ಕೆ ಚಾಚಿದರೆ ಅದು ಲಂಬ ಅಕ್ಷವನ್ನ ಸೊನ್ನೆಯ ಕೆಳಗೆ 68.5ರ ಹತ್ತಿರ ಮುಟ್ಟುತ್ತೆ. ಅಂದ್ರೆ ಬೆಂಗಳೂರಿನ ವಾತಾವರಣದ ಒತ್ತಡ ಎಷ್ಟು ಅಂತ ಆ ಹುಡುಗಿಯ ನಾಲ್ಕೇ ರೀಡಿಂಗ್‌ಗಳು ಹೇಳಿಬಿಡ್ತವೆ. ಊರು ಎತ್ತರದಲ್ಲಿದೆ, ನೀನು ನಿಂತಿರೋದು ದಖನ್ ಪ್ರಸ್ಥಭೂಮಿಯ ಮೇಲೆ ಅಂತ ಒಂದು ಗಾಜಿನ ಕೊಳವೆ ಕೂಗಿ ಹೇಳ್ತಿತ್ತು. ನಾವು ರಬ್ಬರ್ ತಗೊಂಡು ಅಳಿಸಿ, ಇಡೀ ಬೆಂಗಳೂರನ್ನ ಎತ್ತಿಕೊಂಡು ಹೋಗಿ ಪಣಂಬೂರು ಬೀಚಿನಲ್ಲಿ ಇಟ್ಟು ಬಂದ್ವಿ.

(ಮೊಬೈಲಿನ ಹವಾಮಾನ ಆ್ಯಪ್ ತೆಗೆದು ‘ಇಲ್ಲಿ ಬೆಂಗಳೂರಿಗೂ 1013 ಅಂತಲೇ ಇದೆಯಲ್ಲ’ ಅಂತ ವಾದಕ್ಕೆ ಬರೋರಿಗೆ: ಸಾಮಾನ್ಯವಾಗಿ ಅಲ್ಲಿ ತೋರಿಸೋದು ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ. ಊರೂರುಗಳ ಹವಾಮಾನ ಹೋಲಿಸೋಕೆ ಹಾಗೆ ಮಾಡ್ತಾರೆ. ನಿಮ್ಮ ಫೋನಿನಲ್ಲೇ ಒತ್ತಡದ ಸೆನ್ಸರ್ ಇದ್ದರೆ ಅದನ್ನ ನೋಡಿ, 912ರ ಆಸುಪಾಸು ಇರುತ್ತೆ.)

ಈಗ ಬಾಯ್ಲನ ಪುಸ್ತಕಕ್ಕೆ ಬರೋಣ. 1660ರಲ್ಲಿ ರಾಬರ್ಟ್ ಬಾಯ್ಲ್ ಗಾಳಿಗೆ ಸ್ಪ್ರಿಂಗಿನ ಗುಣ ಇದೆ, ಒತ್ತಿದರೆ ತಿರುಗಿ ತಳ್ಳುತ್ತೆ ಅಂತ ಒಂದು ಪುಸ್ತಕ ಬರೆದ. ಫ್ರಾನ್ಸಿಸ್ ಲೈನಸ್ ಅನ್ನೋ ಜೆಸ್ಯೂಟ್ ಪಾದ್ರಿ ಒಪ್ಪಲಿಲ್ಲ. ಕೊಳವೆಯಲ್ಲಿ ಪಾದರಸ ನಿಲ್ಲೋದು ಹೊರಗಿನ ಗಾಳಿ ತಳ್ಳೋದರಿಂದ ಅಲ್ಲ, ಮೇಲಿನಿಂದ ಕಣ್ಣಿಗೆ ಕಾಣದ ಒಂದು ಎಳೆ ಅದನ್ನ ಹಿಡಿದುಕೊಂಡಿರೋದರಿಂದ ಅಂತ ಅವನ ವಾದ. ಅವನಿಗೆ ಉತ್ತರ ಕೊಡೋಕೆ ಬಾಯ್ಲ್ 1662ರಲ್ಲಿ ಬರೆದ ಬರಹದಲ್ಲೇ ನಮ್ಮ ನಿಯಮ ಇರೋದು. ಅಂದ್ರೆ ಇದು ಹುಟ್ಟಿದ್ದು ಒಂದು ಜಗಳದಲ್ಲಿ. ಎದುರಾಳಿ ತಪ್ಪು ಹುಡುಕೋಕೆ ಕಾಯ್ತಿದ್ದಾನೆ, ರೀಡಿಂಗ್ ಮ್ಯಾನಿಪುಲೇಟ್ ಮಾಡೋಕೆ ಇದಕ್ಕಿಂತ ಒಳ್ಳೇ ಕಾರಣ ಬೇಕಾ?

ಕೊಳವೆ ಇಂಗ್ಲಿಷಿನ ಜೆ ಅಕ್ಷರದ ಆಕಾರದ್ದು. ಉದ್ದದ ಕೈ ಎಷ್ಟು ಉದ್ದ ಅಂದ್ರೆ ಕೋಣೆಯಲ್ಲಿ ಹಿಡಿಸದೆ ಮೆಟ್ಟಿಲ ಹತ್ತಿರ ನಿಲ್ಲಿಸಬೇಕಾಯ್ತು. ಮೊದಲ ಸಲ ಕೊಳವೆ ಒಡೆದುಹೋಯ್ತು, ಅದನ್ನೂ ಬರೆದಿದ್ದಾನೆ. ಪಾದರಸ ಚೆಲ್ಲಿ ಹೋಗದಿರಲಿ ಅಂತ ಕೆಳಗೆ ಮರದ ಪೆಟ್ಟಿಗೆ. ಮೇಲೆ ಒಬ್ಬ ಪಾದರಸ ಸುರಿಯೋದು, ಕೆಳಗೆ ಇನ್ನೊಬ್ಬ ಗಾಳಿಯ ಮಟ್ಟ ನೋಡಿ ಹೇಳೋದು. ನಮ್ಮ ಲ್ಯಾಬ್ ಬ್ಯಾಚ್ ತರಾನೇ, ಅಟೆಂಡೆನ್ಸ್ ಮಾತ್ರ ಇಲ್ಲ.

ಅವನ ಟೇಬಲ್ಲಿನಲ್ಲಿ 25 ಸಾಲುಗಳಿವೆ. ಗಾಳಿ 48 ಭಾಗದಿಂದ ಶುರುವಾಗಿ 12 ಭಾಗಕ್ಕೆ ಇಳಿಯುತ್ತೆ. ನಾವು ನೋಡಬೇಕಾದ್ದು ಕೊನೇ ಎರಡು ಕಾಲಂ. ಒಂದರಲ್ಲಿ ಕಣ್ಣಾರೆ ಅಳೆದ ಒತ್ತಡ, ಪಕ್ಕದಲ್ಲೇ ‘ನಿಯಮದ ಪ್ರಕಾರ ಎಷ್ಟಿರಬೇಕಿತ್ತು’ ಅನ್ನೋ ಅಂಕಿ. ಗಾಳಿ ಅರ್ಧಕ್ಕೆ, ಅಂದ್ರೆ 24 ಭಾಗಕ್ಕೆ ಇಳಿದಾಗ ಅಳೆದದ್ದು 58 ಮತ್ತು 13/16 ಇಂಚು ಪಾದರಸ, ಇರಬೇಕಾಗಿದ್ದು 58 ಮತ್ತು 1/4. ಕಾಲು ಭಾಗಕ್ಕೆ ಇಳಿದಾಗ ಅಳೆದದ್ದು 117 ಮತ್ತು 9/16, ಇರಬೇಕಾಗಿದ್ದು 116 ಮತ್ತು 1/2. ಕೊನೇ ಸಾಲಿನಲ್ಲಿ ಒಂದು ಇಂಚಿಗೂ ಹೆಚ್ಚು ವ್ಯತ್ಯಾಸ! ಅಳಿಸಲಿಲ್ಲ. ಇಷ್ಟು ಸೂಕ್ಷ್ಮ ಪ್ರಯೋಗದಲ್ಲಿ ಇಷ್ಟು ವ್ಯತ್ಯಾಸ ತಪ್ಪಿಸೋದು ಕಷ್ಟ ಅನ್ನೋ ಅರ್ಥದಲ್ಲಿ ಒಂದು ಮಾತು ಹೇಳಿ ಹಾಗೇ ಅಚ್ಚು ಹಾಕಿಸಿದ. ನಿಯಮದ ಊಹೆ ತನ್ನದಲ್ಲ, ರಿಚರ್ಡ್ ಟೌನ್ಲಿಯದು ಅಂತಲೂ ಅಲ್ಲೇ ಹೇಳಿದ್ದಾನೆ. ಅಂದಹಾಗೆ ಈ ಟೌನ್ಲಿ ಮತ್ತು ಅವನ ಗೆಳೆಯ ಹೆನ್ರಿ ಪವರ್, ಇಂಗ್ಲೆಂಡಿನ ಪೆಂಡಲ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊತ್ತುಕೊಂಡು ಹತ್ತಿ, ಮೇಲೆ ಹೋದಂತೆ ಪಾದರಸ ಇಳಿಯೋದನ್ನ ಅಳೆದವರು. ಎತ್ತರದ ಊರಿನ ಗಾಳಿ ಬೇರೆ ಅನ್ನೋದು ನಿಯಮ ಹುಟ್ಟುವ ಮೊದಲೇ ಅವರಿಗೆ ಗೊತ್ತಿತ್ತು, ನಮಗೆ ಮಾತ್ರ ಇನ್ನೂ 76.

ನಾನು ಕೂತು ಆ ಎರಡು ಕಾಲಂಗಳನ್ನ ಕಳೆದು ನೋಡಿದೆ. ಬಹುತೇಕ ಎಲ್ಲ ಸಾಲುಗಳಲ್ಲೂ ಅಳೆದದ್ದು ಲೆಕ್ಕಕ್ಕಿಂತ ಚೂರು ಹೆಚ್ಚೇ ಇದೆ, ಹೆಚ್ಚಿನ ಕಡೆ ಶೇ. 1ಕ್ಕಿಂತ ಕಮ್ಮಿ. ಕಣ್ಣಂದಾಜಿನ ತಪ್ಪಾಗಿದ್ದರೆ ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ ಬರಬೇಕಿತ್ತು. ಇದು ಒಂದೇ ಕಡೆಗೆ ವಾಲಿದೆ. ಶುರುವಿನಲ್ಲಿ ತಗೊಂಡ ಅಳತೆಯಲ್ಲೇ ಏನೋ ಸಣ್ಣದು ಜಾರಿರಬೇಕು ಅನ್ನೋದು ನನ್ನ ಅನುಮಾನ, ನಮ್ಮ 76ರ ಕತೆಯ ತರಾನೇ. ಅನುಮಾನ ಸರಿಯೋ ತಪ್ಪೋ, ಅದು ಬೇರೆ ವಿಷಯ. 360 ವರ್ಷ ಆದಮೇಲೆ ಒಬ್ಬ ಮೆಕ್ಯಾನಿಕಲ್ ಹುಡುಗ ಹಾಸ್ಟೆಲ್ ರೂಮಿನಲ್ಲಿ ಕೂತು ಬಾಯ್ಲನ ಉಪಕರಣದ ಬಗ್ಗೆ ಅನುಮಾನ ಪಡಬಹುದು. ಯಾಕಂದ್ರೆ ಆ ಮನುಷ್ಯ ಕಾಲಂ ತೊಳೆದು ಇಟ್ಟಿರಲಿಲ್ಲ. ನಮ್ಮ ರೆಕಾರ್ಡುಗಳನ್ನ ಮುಂದಿನ ವರ್ಷದ ಜೂನಿಯರ್ ನೋಡಿದರೂ ಅದರಲ್ಲಿ ಅನುಮಾನ ಪಡೋಕೆ ಏನೂ ಸಿಗಲ್ಲ.

‘ಸರಿ, ಬಾಯ್ಲ್ ವಿಜ್ಞಾನಿ. ನಾವು ಇಂಜಿನಿಯರುಗಳು, ನಮಗೆ ಸೂತ್ರ ಸಾಕು’ ಅನ್ನೋ ವಾದವೂ ಇದೆ. ಇದನ್ನ ಕೇಳಿದಾಗ ನನಗೆ ನಗು ಬರುತ್ತೆ. ನಮ್ಮ ಹೊಟ್ಟೆಪಾಡು ನಿಂತಿರೋದೇ ಆ ಸೂತ್ರ ಎಲ್ಲಿ ಕೈಕೊಡುತ್ತೆ ಅನ್ನೋದರ ಮೇಲೆ. ಡೀಸೆಲ್ ಇಂಜಿನ್ ತಗೊಳ್ಳಿ. ಗಾಳಿಯನ್ನ 18ರಲ್ಲಿ ಒಂದು ಭಾಗಕ್ಕೆ ಒತ್ತುತ್ತೆ ಅಂದುಕೊಳ್ಳಿ. ಬಾಯ್ಲನ ಪ್ರಕಾರ ಒತ್ತಡ 18 ಪಟ್ಟು ಆಗಬೇಕು. ಆದರೆ ಪಿಸ್ಟನ್ ಕ್ಷಣಾರ್ಧದಲ್ಲಿ ಮೇಲೆ ಬರುತ್ತೆ, ಶಾಖ ಹೊರಗೆ ಹೋಗೋಕೆ ಪುರುಸೊತ್ತೇ ಇಲ್ಲ. ಹೀಗಾಗಿ ಆದರ್ಶ ಲೆಕ್ಕದಲ್ಲಿ ಒತ್ತಡ 57 ಪಟ್ಟು ಏರುತ್ತೆ, 27 ಡಿಗ್ರಿಯಲ್ಲಿ ಒಳಬಂದ ಗಾಳಿ 680 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತೆ. ನಿಜವಾದ ಇಂಜಿನಿನಲ್ಲಿ ಒಂಚೂರು ಕಮ್ಮಿ. ಸ್ಪಾರ್ಕ್ ಪ್ಲಗ್ ಇಲ್ಲದೆ ಡೀಸೆಲ್ ಹೊತ್ತಿಕೊಳ್ಳೋದು ಆ ಬಿಸಿಗೆ. ಉಷ್ಣತೆ ಬದಲಾಗಬಾರದು ಅನ್ನೋ ಷರತ್ತನ್ನ ಇಂಜಿನ್ ಪಾಲಿಸಿದ್ದರೆ ನಮ್ಮ ಕೆಎಸ್ಆರ್‌ಟಿಸಿ ಕೆಂಪು ಬಸ್ಸು ಡಿಪೋ ಬಿಟ್ಟು ಆಚೆ ಬರ್ತಿರಲಿಲ್ಲ.

ಸಿಎನ್‌ಜಿ ಆಟೋದ ಸಿಲಿಂಡರ್ ಇನ್ನೊಂದು ತರ. ಅಲ್ಲಿ 200 ಬಾರ್ ಒತ್ತಡ. ಅಷ್ಟು ಒತ್ತಿದಾಗ ಮೀಥೇನ್ ಅಣುಗಳು ಒಂದನ್ನೊಂದು ಸೆಳೆಯೋದು ಲೆಕ್ಕಕ್ಕೆ ಬರುತ್ತೆ. ಹೀಗಾಗಿ ಸಾಮಾನ್ಯ ಉಷ್ಣತೆಯಲ್ಲಿ, ಬಾಯ್ಲನ ಲೆಕ್ಕಕ್ಕಿಂತ ಸುಮಾರು ಶೇ. 20 ಹೆಚ್ಚು ಗ್ಯಾಸ್ ಅದೇ ಸಿಲಿಂಡರಿನಲ್ಲಿ ಹಿಡಿಸುತ್ತೆ. ಇನ್ನು ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಅಂತೂ ಬಾಯ್ಲನ ಮಾತೇ ಕೇಳಲ್ಲ. ಒಳಗೆ ದ್ರವ ಇರೋವರೆಗೂ ಒತ್ತಡ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಅದಕ್ಕೇ ಅಮ್ಮ ಗ್ಯಾಸ್ ಮುಗಿದಿದೆಯಾ ಅಂತ ನೋಡೋಕೆ ಸಿಲಿಂಡರನ್ನೇ ಎತ್ತಿ, ಅಲ್ಲಾಡಿಸಿ ನೋಡೋದು. ತೂಕವೇ ಅಲ್ಲಿ ಸರಿಯಾದ ಅಳತೆ, ಅಮ್ಮನ ವಿಧಾನದಲ್ಲಿ ಯಾವ ಕೊರತೆಯೂ ಇಲ್ಲ. ಇಂಥ ‘ಮಾತು ಕೇಳದ’ ಅನಿಲಗಳನ್ನ ಸಹನೆಯಿಂದ ಅಳೆದವರಿಂದಲೇ ವಿಷಯ ಮುಂದೆ ಹೋಗಿದ್ದು. 1840ರ ದಶಕದಲ್ಲಿ ರೆನ್ಯೋ, ಆಮೇಲೆ ಇಂಗಾಲದ ಡೈಆಕ್ಸೈಡ್ ಹಿಡಿದುಕೊಂಡು ಕೂತ ಆ್ಯಂಡ್ರ್ಯೂಸ್, 1873ರಲ್ಲಿ ವಾನ್ ಡರ್ ವಾಲ್ಸ್. ನಮ್ಮ ಥರ್ಮೋಡೈನಮಿಕ್ಸ್ ಪೇಪರಿನ ಅರ್ಧ ಮಾರ್ಕ್ಸ್ ಇವರ ಕೃಪೆ.

ಕಾಲೇಜು ಮುಗಿಸಿ ಸೈಟಿಗೆ ಹೋದಾಗ ಇದು ಮಾರ್ಕ್ಸಿನ ಪ್ರಶ್ನೆಯಾಗಿ ಉಳಿಯಲ್ಲ, ನನಗೆ ಭಯ ಇರೋದು ಅಲ್ಲೇ. ಗ್ಯಾಸ್ ಪೈಪ್‌ಲೈನ್ ಹಾಕಿದಮೇಲೆ ಒಂದು ಪರೀಕ್ಷೆ ಮಾಡ್ತಾರೆ. ಪೈಪಿನೊಳಗೆ ಗಾಳಿ ತುಂಬಿ, ಎರಡೂ ಕಡೆ ಮುಚ್ಚಿ, ಗೇಜ್ ನೋಡಿ ಬರೆದು, ಗಂಟೆಗಟ್ಟಲೆ ಬಿಟ್ಟು ಮತ್ತೆ ನೋಡೋದು. ಒತ್ತಡ ಇಳಿದರೆ ಎಲ್ಲೋ ಲೀಕ್ ಇದೆ ಅಂತ ಅನುಮಾನ. ಮಧ್ಯಾಹ್ನ 27 ಡಿಗ್ರಿಯಲ್ಲಿ ಗೇಜ್ 6 ಬಾರ್ ತೋರಿಸ್ತಿತ್ತು ಅಂದುಕೊಳ್ಳಿ. ಗೇಜ್ ವಾತಾವರಣದ ಒತ್ತಡ ಬಿಟ್ಟು ತೋರಿಸುತ್ತೆ, ಅದನ್ನ ಒಂದು ಬಾರ್ ಅಂತ ದುಂಡಗೆ ಇಟ್ಟುಕೊಂಡರೂ ಒಟ್ಟು 7. ರಾತ್ರಿ 21 ಡಿಗ್ರಿಗೆ ಇಳಿಯಿತು. ಪೈಪಿನಲ್ಲಿ ಒಂದು ಸೂಜಿಮೊನೆಯಷ್ಟು ತೂತಿಲ್ಲದಿದ್ದರೂ ಶೇ. 2 ಒತ್ತಡ ಇಳಿದೇ ಇಳಿಯುತ್ತೆ, ಗೇಜ್ 5.86 ತೋರಿಸುತ್ತೆ. ಅಲ್ಲಿರೋ ಹುಡುಗ ಏನು ಮಾಡ್ತಾನೆ?

ಲ್ಯಾಬಿನಲ್ಲಿ ನಾಲ್ಕು ವರ್ಷ ಅಭ್ಯಾಸ ಮಾಡಿದ್ದನ್ನೇ ಮಾಡ್ತಾನೆ. 6.0, 6.0, 6.0. ಆ ದಿನ ಏನೂ ಆಗಲ್ಲ, ಪೈಪ್ ನಿಜವಾಗಿಯೂ ಚೆನ್ನಾಗಿದೆ. ಇನ್ನೊಂದು ದಿನ, ಇನ್ನೊಂದು ಪೈಪು, ಉಷ್ಣತೆ ಇಳಿದೇ ಇಲ್ಲ, ಆದರೂ ಗೇಜ್ 5.86. ಅವತ್ತೂ 6.0. ಎರಡು 5.86ಗಳಲ್ಲಿ ಒಂದು ಚಳಿಯ ಕೆಲಸ, ಇನ್ನೊಂದು ಸಡಿಲ ವೆಲ್ಡ್ ಜಾಯಿಂಟ್. ಎರಡನ್ನೂ ಅಳಿಸಿದವನಿಗೆ ಎರಡರ ಮಧ್ಯೆ ವ್ಯತ್ಯಾಸ ಗೊತ್ತಾಗೋ ದಾರಿಯೇ ಇಲ್ಲ. ಆ ಪೈಪು ಯಾರದೋ ಅಡುಗೆಮನೆಗೆ ಹೋಗುತ್ತೆ.

ನಮ್ಮ ಮೇಡಂ, ಸರ್‌ಗಳು ಇದನ್ನ ಓದಿದರೆ ಬೇಜಾರು ಮಾಡಿಕೊಳ್ಳಬಹುದು. ಅವರ ಕಷ್ಟ ನನಗೆ ಕಾಣದೇ ಇಲ್ಲ. ಒಂದು ಬ್ಯಾಚಿಗೆ ಇಷ್ಟೊಂದು ಜನ, ಎರಡು ಮೂರು ಗಂಟೆ ಸಮಯ, ಇರೋ ನಾಲ್ಕು ಸೆಟ್ಟಿನಲ್ಲಿ ಒಂದು ಕೆಟ್ಟಿರುತ್ತೆ. ಎಲ್ಲರ ಕಚ್ಚಾ ರೀಡಿಂಗ್ ಕೂತು ನೋಡೋದು ಆಗದ ಮಾತು. ಉತ್ತರ ಸರಿಯಿದ್ದರೆ ಮಾರ್ಕ್ಸ್, ಇಲ್ಲದಿದ್ದರೆ ರಿಪೀಟ್ ಅನ್ನೋದು ಬೇಗ ಮುಗಿಯೋ ದಾರಿ. ಹುಡುಗರೂ ಪಾಪ, ಇಂಟರ್ನಲ್ಸ್ ಮಾರ್ಕ್ಸ್ ಕಳಕೊಂಡು ಸತ್ಯಹರಿಶ್ಚಂದ್ರ ಆಗು ಅಂತ ಯಾರಿಗೂ ಹೇಳೋಕಾಗಲ್ಲ. ಪ್ರಾಮಾಣಿಕನಿಗೆ ಹತ್ತಕ್ಕೆ ಆರು, ಕಾಪಿ ಹೊಡೆದವನಿಗೆ ಒಂಬತ್ತು ಸಿಗೋ ಕಡೆ ಪ್ರಾಮಾಣಿಕತೆ ಎಷ್ಟು ದಿನ ಬಾಳುತ್ತೆ? ಹಾಗಾಗಿ ಬದಲಾಗಬೇಕಾದ್ದು ಹುಡುಗರ ಮನಸ್ಸಿಗಿಂತ ಮೊದಲು ಮಾರ್ಕ್ಸ್ ಹಂಚೋ ರೀತಿ.

ಬಾಯ್ಲನ ಟೇಬಲ್ಲಿನಂತೆ ಪ್ರತಿ ರೆಕಾರ್ಡಿನಲ್ಲೂ ಒಂದು ಕಾಲಂ ಹೆಚ್ಚಿಗೆ ಹಾಕಿಸಿ: ಇರಬೇಕಾಗಿದ್ದು ಎಷ್ಟು, ಬಂದದ್ದು ಎಷ್ಟು, ವ್ಯತ್ಯಾಸ ಎಷ್ಟು. ಹತ್ತು ಮಾರ್ಕ್ಸಿನಲ್ಲಿ ನಾಲ್ಕು ಆ ವ್ಯತ್ಯಾಸದ ವಿವರಣೆಗೆ. ವ್ಯತ್ಯಾಸವೇ ಇಲ್ಲ ಅಂತ ಬರೆದವನ ವೈವಾ ಉದ್ದ ಇರಲಿ. ಅಬ್ಸರ್ವೇಷನ್ ಬುಕ್ಕಿನಲ್ಲಿ ಪೆನ್ಸಿಲ್ ನಿಷೇಧ, ಪೆನ್ನಿನಲ್ಲೇ ಬರೀಬೇಕು, ತಪ್ಪಿದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯೋದು. ಇದಕ್ಕೆ ಹೊಸ ಉಪಕರಣ ಬೇಡ, ಬಜೆಟ್ ಬೇಡ, ಯೂನಿವರ್ಸಿಟಿಯ ಸುತ್ತೋಲೆಗೆ ಕಾಯಬೇಕಾಗಿಯೂ ಇಲ್ಲ.

ವಿವರಣೆ ಅಂದಾಗ ಎಲ್ಲರೂ ಬರೆಯೋ ‘ಹ್ಯೂಮನ್ ಎರರ್, ಇನ್‌ಸ್ಟ್ರುಮೆಂಟಲ್ ಎರರ್, ಪ್ಯಾರಲಾಕ್ಸ್ ಎರರ್’ ಅನ್ನೋ ತ್ರಿಮೂರ್ತಿಗಳಿಗೆ ಸೊನ್ನೆ ಕೊಡಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ನಿಜವಾಗಿಯೂ ಡೊಂಕಿದ್ದರೆ ಎಷ್ಟು ಡೊಂಕು, ಯಾವ ಕಡೆಗೆ, ಅದು ಹೇಳಬೇಕು. ಈಗ ಕೆಲವು ಲ್ಯಾಬುಗಳಲ್ಲಿ ಪಾದರಸ ಬಿಟ್ಟು ಸಿರಿಂಜ್ ಮತ್ತು ಒತ್ತಡದ ಸೆನ್ಸರ್ ಬಂದಿದೆ, ಒಳ್ಳೇದೇ. ಅಲ್ಲಿಯೂ ಗುಣಲಬ್ಧ ಒಂದೇ ದಿಕ್ಕಿಗೆ ಜಾರುತ್ತೆ, ಯಾಕಂದ್ರೆ ಸಿರಿಂಜಿನಿಂದ ಸೆನ್ಸರಿಗೆ ಹೋಗೋ ಸಣ್ಣ ಟ್ಯೂಬಿನ ಗಾಳಿ ಸಿರಿಂಜಿನ ಗೆರೆಗಳಲ್ಲಿ ಲೆಕ್ಕಕ್ಕೆ ಸಿಗಲ್ಲ. ಟ್ಯೂಬಿನಲ್ಲಿ ಒಂದು ಎಂ.ಎಲ್. ಗಾಳಿ ಇದ್ದರೆ, 20 ಎಂ.ಎಲ್. ಇಂದ 5ಕ್ಕೆ ಒತ್ತುವಷ್ಟರಲ್ಲಿ ಗುಣಲಬ್ಧ ಶೇ. 12ಕ್ಕೂ ಹೆಚ್ಚು ಇಳಿದುಹೋಗುತ್ತೆ. ಅದನ್ನ ಹಿಡಿದವಳಿಗೆ, ‘ಮೇಡಂ, ಈ ಟ್ಯೂಬಿನೊಳಗೆ ಒಂದು ಎಂ.ಎಲ್. ಗಾಳಿ ಇದೆ’ ಅಂತ ತನ್ನ ಗ್ರಾಫಿನಿಂದಲೇ ತೋರಿಸಿದವಳಿಗೆ ಹತ್ತಕ್ಕೆ ಹತ್ತು ಕೊಟ್ಟರೂ ನನಗೆ ಹೊಟ್ಟೆಕಿಚ್ಚಿಲ್ಲ.

ಲ್ಯಾಬಿನ ನಿಯಮ ಬದಲಾಗೋವರೆಗೆ ಕಾಯಬೇಕಾಗಿಲ್ಲ, ನಮ್ಮ ಕನ್ನಡ ಸಂಘದಿಂದಲೇ ಒಂದು ಕೆಲಸ ಶುರು ಮಾಡಬಹುದು ಅಂತ ನನ್ನ ಆಸೆ. ಸೆಮಿಸ್ಟರ್ ರಜೆಗೆ ಎಲ್ಲರೂ ಊರಿಗೆ ಹೋಗ್ತೀರಿ. ಮೆಡಿಕಲ್ ಅಂಗಡಿಯಲ್ಲಿ ಸೂಜಿಯಿಲ್ಲದ 50 ಎಂ.ಎಲ್. ಸಿರಿಂಜ್ ತಗೊಳ್ಳಿ. ಹಾಸ್ಟೆಲ್‌ನಲ್ಲೇ 20 ಎಂ.ಎಲ್. ಗೆರೆಗೆ ಗಾಳಿ ಎಳೆದು ಬಾಯಿ ಭದ್ರವಾಗಿ ಮುಚ್ಚಿ, ಅಂಟು ಹಾಕಿ. ಮಂಗಳೂರಿಗೆ ಹೋಗೋರದ್ದು ಶಿರಾಡಿ ಘಾಟಿ ಇಳಿದು ಊರು ಸೇರೋ ಹೊತ್ತಿಗೆ 18ರ ಹತ್ತಿರ ಬಂದಿರಬೇಕು. ಅಲ್ಲಿನ ಸೆಕೆ ಇಲ್ಲಿಗಿಂತ ಐದು ಡಿಗ್ರಿ ಹೆಚ್ಚಿದ್ದರೆ 18.3. ಮಡಿಕೇರಿಗೆ ಹೋಗೋರದ್ದು ಉಲ್ಟಾ, ಅರ್ಧ ಎಂ.ಎಲ್.ನಷ್ಟು ಹಿಗ್ಗಬೇಕು. ಅಷ್ಟು ಸಣ್ಣ ವ್ಯತ್ಯಾಸ ಪಿಸ್ಟನ್ನಿನ ರಬ್ಬರ್ ಹಿಡಿತದಲ್ಲೇ ಮುಚ್ಚಿಹೋಗಬಹುದು, ಓದೋ ಮೊದಲು ಪಿಸ್ಟನ್ ಒಮ್ಮೆ ಒಳಗೆ ಒತ್ತಿ ಬಿಡಿ, ಒಮ್ಮೆ ಹೊರಗೆ ಎಳೆದು ಬಿಡಿ, ಎರಡೂ ಸಲ ಎಲ್ಲಿ ನಿಲ್ಲುತ್ತೆ ಅಂತ ಬರೆದುಕೊಳ್ಳಿ. ರಾಯಚೂರು, ಕಲಬುರಗಿ, ಬಳ್ಳಾರಿಯವರದ್ದು ಎಷ್ಟು ಬರುತ್ತೋ ನಾನು ಹೇಳಲ್ಲ, ನೀವೇ ಲೆಕ್ಕ ಹಾಕಿ. ಊರು, ದಿನ, ಉಷ್ಣತೆ, ಎರಡು ರೀಡಿಂಗ್, ಇಷ್ಟನ್ನ ಒಂದು ಚೀಟಿಯಲ್ಲಿ ಪೆನ್ನಿನಲ್ಲಿ ಬರೆದು ಫೋಟೋ ತೆಗೆದು ಸಂಘದ ಗ್ರೂಪಿಗೆ ಹಾಕಿ. ಸಿರಿಂಜ್ ಲೀಕ್ ಆಗಿ ಲೆಕ್ಕಕ್ಕೆ ಬಾರದ ಅಂಕಿ ಬಂದಿದ್ದರೆ ಅದನ್ನೂ ಹಾಗೇ ಕಳಿಸಿ.